ಸೊಳ್ಳೆಯ ಜಾತಿ ಕೇಳಿದ್ದು

ಹೊಟ್ಟೆಪಾಡಿಗಾಗಿ ನಾನು ಆರೋಗ್ಯ ಇಲಾಖೆಯಲ್ಲಿ ಸೊಳ್ಳೆ ಹಿಡಿಯುತ್ತೇನೆ. ಕನ್ಯೆ ನೋಡಲು ಹೋದಾಗ ಈ ಸತ್ಯ ಹೇಳಿ ಎರಡು ಕಡೆ ಬರೀ ಚಹಾ ಕುಡಿದು ಎದ್ದು ಬಂದಿದ್ದೇನೆ. ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ಗಾಜಿನ ಕೊಳವೆ. ಗೋಡೆಯ ಮೇಲಿನ ಸೊಳ್ಳೆಯನ್ನು ಉಸಿರೆಳೆದು ಕೊಳವೆಯೊಳಗೆ ಸೆಳೆಯಬೇಕು. ನಡುವೆ ಒಂದು ತುಂಡು ಜಾಳಿಗೆಬಟ್ಟೆ ಇರುವ ಪುಣ್ಯದಿಂದ ನಾನಿನ್ನೂ ಸಸ್ಯಾಹಾರಿ.

ಹಿಡಿದದ್ದನ್ನು ಗುರುತಿಸುವುದೇ ನಿಜವಾದ ವಿದ್ಯೆ. ಅನಾಫಿಲಿಸ್ ಹಿಂಭಾಗ ಎತ್ತಿಕೊಂಡು ಕೂರುತ್ತದೆ, ಬಹಳ ದೊಡ್ಡಸ್ತಿಕೆ. ಕ್ಯೂಲೆಕ್ಸ್ ಗಟಾರದ್ದು. ಈಡಿಸ್ ಕಾಲಿಗೆ ಬಿಳಿ ಪಟ್ಟಿ ಬಳಿದುಕೊಂಡು ಹಾಡಹಗಲೇ ಕಚ್ಚುತ್ತದೆ. ಡೆಂಗಿ ತರುವುದು ಅದೇ. ಮೂರರ ಕಡಿತವನ್ನೂ ಅನುಭವಿಸಿ ಹೇಳುತ್ತಿದ್ದೇನೆ, ಪುಸ್ತಕ ನೋಡಿಯಲ್ಲ.

ವನದುರ್ಗದ ಒಂದು ಮನೆಯಲ್ಲಿ ಪುಟ್ಟ ಹುಡುಗಿ ಜ್ವರದಿಂದ ಮಲಗಿದ್ದಳು. ಆ ಮನೆಯ ಸೊಳ್ಳೆ ಯಾವುದೆಂದು ಅಂದೇ ತಿಳಿಯಬೇಕಿತ್ತು. ಈಡಿಸ್ ಆಗಿದ್ದರೆ ನಾಳೆ ಓಣಿಯ ಉಳಿದ ಮಕ್ಕಳ ಸರದಿ. ಹೊಸ್ತಿಲ ಮೇಲೆ ಹುಡುಗಿಯ ಅಜ್ಜಿ ಕೂತಿದ್ದಳು. ನಾನು ಗಡಿಬಿಡಿಯಲ್ಲಿ, "ಆಯಿ, ನಿಮ್ಮನ್ಯಾಗ ಯಾವ ಜಾತಿ ಅದ ಅಂತ ಬರ್ಕೋಬೇಕ್ರಿ," ಎಂದುಬಿಟ್ಟೆ.

ಆಯಿಯ ಹುಬ್ಬು ಮೇಲೇರಿತು. ಅವಳ ಹಿಂದೆ ಗೋಡೆಯ ಮೇಲೆ ಬುದ್ಧನ ಪಟ ಆಗಷ್ಟೇ ನನ್ನ ಕಣ್ಣಿಗೆ ಬಿತ್ತು.

"ಜಾತಿ ಬಿಟ್ಟು ಅರ್ಧ ಆಯುಷ್ಯ ಆತು. ನೀ ಮತ್ತ ಕೇಳಾಕ ಬಂದೀಯೇನೋ? ನಡಿ, ನಡಿ!"

ಒಳಗೆ ಹೋಗಿ ಬಾಗಿಲು ಧಡಾರನೆ ಹಾಕಿದಳು. ನನ್ನ ಮಾತಿನ ತಪ್ಪು ಆಗ ಹೊಳೆಯಿತು. ಪ್ರಭೇದ ಎಂದಿದ್ದರೆ ಅರ್ಥವಾಗುತ್ತಿರಲಿಲ್ಲ. ಜಾತಿ ಎಂದದ್ದು ವಿಪರೀತ ಅರ್ಥವಾಯಿತು. ನಮ್ಮ ಕಡೆ ಸೊಳ್ಳೆಗೆ ಗುಂಗಾಡ ಎನ್ನುತ್ತಾರೆ. ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದೆ: "ನಿಮ್ಮದಲ್ಲರಿ ಆಯಿ, ಗುಂಗಾಡದ್ದು! ಗುಂಗಾಡದ ಜಾತಿ!"

ಒಳಗೆ ಜ್ವರದ ಹುಡುಗಿ ಕಿಸಕ್ಕೆಂದಳು, ಹಿಂದೆಯೇ ಆಯಿಯೂ ನಕ್ಕಳು. ಬಾಗಿಲು ತೆರೆಯಿತು. ನೀರಿನ ಹರವಿಯ ಹಿಂದೆ ಬಿಳಿ ಪಟ್ಟಿಯ ಈಡಿಸ್ ಸಿಕ್ಕಿತು. ಹುಡುಗಿಯನ್ನು ಆಗಲೇ ದವಾಖಾನೆಗೆ ಕಳಿಸಿ, ಓಣಿಯ ಹರವಿಗಳನ್ನೆಲ್ಲ ಬರಿದು ಮಾಡಿಸಿದೆವು. ಅವಳು ಹುಷಾರಾದಳು, ಓಣಿಯಲ್ಲಿ ಮತ್ತೆ ಯಾರೂ ಜ್ವರ ಬಂದು ಮಲಗಲಿಲ್ಲ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಂದು ನಾನು ಬರೆದುಕೊಳ್ಳುವಾಗ ಆಯಿ ಹಾಳೆಯೊಳಗೆ ಇಣುಕಿದ್ದಳು.

"ಏನ್ ಬರದಿ?"

"ಈಡಿಸ್ ಅಂತ್ರಿ. ಅದರ ಹೆಸರು."

"ಅದಕ್ಕೊಂದ್ ಹೆಸರ ಅದ ಅಲ್ಲೇನೋ! ಹಂಗಾದ್ರ ಹೆಸರ ಕೇಳಬೇಕಪ್ಪ. ಗುಂಗಾಡ ಆದ್ರೇನಾತು, ಅದಕ್ಕ್ಯಾಕ ಜಾತಿ ಹಚ್ಚತಿ?"

ಈಗ ಯಾದಗಿರಿಯಿಂದ ಕಕ್ಕೇರಾದವರೆಗೆ ಯಾವ ಬಾಗಿಲಲ್ಲಿ ನಿಂತರೂ ಮನೆಯ ಗುಂಗಾಡದ ಹೆಸರೇನೆಂದು ಕೇಳುತ್ತೇನೆ. ಹುಚ್ಚನೆಂದು ನಗುತ್ತಾರೆ. ಆದರೆ ಬಾಗಿಲು ತೆಗೆಯುತ್ತಾರೆ.