ಅಪ್ಪ ಕಟ್ಟಿಬಂದ ಒಂಬತ್ತು ಕಂತು

ಎಂದೂ ಸಾಲ ಮಾಡಿಲ್ಲ ಎಂಬ ಕಾರಣಕ್ಕೇ ನನಗೆ ಸಾಲ ಸಿಗಲಿಲ್ಲ. ಆಗ ನನಗೆ ಇಪ್ಪತ್ಮೂರು. ದೇವದುರ್ಗದ ಖಾಸಗಿ ಶಾಲೆಯೊಂದರಲ್ಲಿ ಗಣಿತ ಹೇಳುತ್ತಿದ್ದೆ. ದಿನಾ ಮಾನ್ವಿಯಿಂದ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುತ್ತಿದ್ದೆ. ಬೈಕಿಗೆಂದು ಬ್ಯಾಂಕಿಗೆ ಹೋದರೆ ಅಲ್ಲಿಯವರು ಕಂಪ್ಯೂಟರ್ ನೋಡಿ, ನಿಮಗೆ ಕ್ರೆಡಿಟ್ ಸ್ಕೋರೇ ಇಲ್ಲವಲ್ಲ, ಸಾಲ ತೀರಿಸಿದ ದಾಖಲೆಯೇ ಇಲ್ಲ ಅಂದರು. ಸಣ್ಣದೇನಾದರೂ ಕಂತಿನ ಮೇಲೆ ತಗೊಂಡು ಒಂದು ವರ್ಷ ತಪ್ಪದೆ ಕಟ್ಟಿ, ಆಮೇಲೆ ಬನ್ನಿ ಎಂದು ಬುದ್ಧಿ ಹೇಳಿ ಕಳಿಸಿದರು.

ಹಾಗೆ ನಮ್ಮ ಮನೆಗೆ ಫ್ರಿಜ್ ಬಂತು, ರಾಯಚೂರಿನ ಅಂಗಡಿಯಿಂದ, ಹನ್ನೆರಡು ಕಂತಿಗೆ. ಅವ್ವ ಖುಷಿಪಟ್ಟಳು. ಅಪ್ಪ ಅದರ ಬಾಗಿಲನ್ನೂ ಮುಟ್ಟಲಿಲ್ಲ. ಅವನು ಗುಡಿಯಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದವನು, ಮಡಿಗಾಗಿ ಹೀಗಿದ್ದಾನೆ ಎಂದು ತಿಳಿದೆ. ಮಡಿಯಲ್ಲ. ಕಂತಿನ ದಿನ ಹತ್ತಿರ ಬಂದಂತೆ ನನ್ನ ಫೋನಿಗೆ ಬರುತ್ತಿದ್ದ ಕರೆಗಳು ಅವನ ನಿದ್ದೆ ಕೆಡಿಸುತ್ತಿದ್ದವು. ಅದು ಮಷಿನ್ನು ಅಪ್ಪಾ, ಎಲ್ಲರಿಗೂ ಹಾಗೇ ನೆನಪು ಮಾಡುತ್ತದೆ ಎಂದು ಎಷ್ಟು ಸಲ ಹೇಳಿದರೂ, ಯಾರೋ ತನ್ನ ಮಗನನ್ನು ರೊಕ್ಕ ಕೇಳುತ್ತಿದ್ದಾರೆ ಎಂದಷ್ಟೇ ಅವನ ತಲೆಗೆ ಹೋಗುತ್ತಿತ್ತು.

ಮೂರು ಕಂತು ಕಟ್ಟಿದ್ದೆ. ಒಂದು ಸಂಜೆ ಮನೆಗೆ ಬಂದರೆ ಅಪ್ಪ ಕೈಯಲ್ಲೊಂದು ಕಾಗದ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದ. ರಾಯಚೂರಿಗೆ ಹೋಗಿ ಉಳಿದ ಒಂಬತ್ತು ಕಂತನ್ನೂ ಒಮ್ಮೆಗೇ ಕಟ್ಟಿ ಬಂದಿದ್ದ.

"ಮುಗೀತು ನೋಡು. ಇನ್ನ ಯಾರೂ ನಿನಗ ಫೋನ್ ಮಾಡಂಗಿಲ್ಲ," ಅಂದ.

ನಾನು ಉರಿದುಬಿದ್ದೆ. ವರ್ಷಪೂರ್ತಿ ಕಟ್ಟಿದ್ದು ಬ್ಯಾಂಕಿನವರಿಗೆ ಕಾಣಬೇಕಾಗಿತ್ತು, ಎಲ್ಲ ಹಾಳು ಮಾಡಿದೆ ಎಂದು ಕೂಗಾಡಿದೆ. ಈ ಕಾಲದಲ್ಲಿ ಸಾಲ ಮಾಡಿ ತೀರಿಸಿದವರನ್ನು ಮಾತ್ರ ನಂಬುತ್ತಾರೆ ಎಂದೆ. ಅಪ್ಪ ಆ ಕಾಗದವನ್ನು ಮಡಚಿದ.

"ಹಂಗಾದ್ರ ನನ್ನಂಥವನ್ನ ಯಾರೂ ನಂಬಂಗಿಲ್ಲೇನೋ?"

ಇಲ್ಲ ಅಂದೆ. ಸಿಟ್ಟಿನಲ್ಲಿ ಅಂದೆ, ಆದರೆ ಅಂದೆ. ಆ ಮಾತಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವ್ವ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು. "ಅದು ಅವರು ತಾವು ಹೋದಮ್ಯಾಲ ಕರ್ಮಕ್ಕಂತ ಕೂಡಿಟ್ಟ ರೊಕ್ಕ. ನೀ ಮಂದಿ ಮುಂದ ಕೈ ಚಾಚಬಾರ್ದಂತ."

ತಿಂಗಳಿಗಿಷ್ಟರಂತೆ ಬ್ಯಾಂಕಿನಲ್ಲಿ ತಿರುಗಿ ಕೂಡಿಡುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟೆ. ಎರಡು ತಿಂಗಳು ಇಟ್ಟೆ, ಮೂರನೆಯ ತಿಂಗಳು ಸಂಬಳವೇ ಆಗಲಿಲ್ಲ, ಅವ್ವನಿಗೆ ಗೊತ್ತಾಗದಂತೆ ಇಟ್ಟದ್ದನ್ನೂ ತೆಗೆದೆ. ಆಮೇಲೆ ಮನೆಯಲ್ಲಿ ಹೇಳದೆ ಒಂದು ಕ್ರೆಡಿಟ್ ಕಾರ್ಡ್ ಮಾಡಿಸಿದೆ. ಅದರ ಬಿಲ್ಲನ್ನು ಮಾತ್ರ ಒಂದು ದಿನವೂ ತಡಮಾಡದೆ ಕಟ್ಟಿದೆ. ಸ್ಕೋರು ಏರಿತು, ಬೈಕೂ ಬಂತು. ಅಪ್ಪನಿಗೆ ಕೊಡಬೇಕಾದ ಬಾಕಿಯನ್ನು ಯಾವ ಕಂಪ್ಯೂಟರೂ ಕೇಳುವುದಿಲ್ಲವಲ್ಲ, ಅದು ಹಿಂದೆ ಬಿತ್ತು. ಅವನಂತೂ ಆ ವಿಷಯ ಮತ್ತೆ ಎತ್ತಲೇ ಇಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಗುಡಿಯ ಅಡುಗೆಮನೆಯಲ್ಲಿ ಕುಸಿದ ಅಪ್ಪ ಮತ್ತೆ ಏಳಲಿಲ್ಲ. ನನ್ನ ಕೈಯಲ್ಲಿ ಆಟೋ ಬಾಡಿಗೆಗಿಂತ ಹೆಚ್ಚು ಇರಲಿಲ್ಲ. ಹಿತ್ತಲಿಗೆ ಹೋಗಿ ಫೋನ್ ತೆಗೆದೆ. ಕರ್ಮಕ್ಕೆ ಬೇಕಾದಷ್ಟು ಸಾಲ ಹತ್ತು ನಿಮಿಷದಲ್ಲಿ ಖಾತೆಗೆ ಬಿತ್ತು. ನನ್ನ ಸ್ಕೋರು ಅಷ್ಟು ಚೆನ್ನಾಗಿತ್ತು.

ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯ ಊಟ. ಗುಡಿಯ ಹಿರಿಯರೊಬ್ಬರು ಎಲೆಯ ಮುಂದೆ ಕೂತು ಎಲ್ಲರಿಗೂ ಕೇಳುವಂತೆ ಅಂದರು: "ಪುಣ್ಯವಂತ ನಿಮ್ಮಪ್ಪ. ಯಾರ ಋಣದಾಗೂ ಹೋಗ್ಲಿಲ್ಲ. ತನ್ನ ಕರ್ಮಕ್ಕ ತಾನ ಇಟ್ಟು ಹೋಗ್ಯಾನ."

ಪಕ್ಕದ ಕೋಣೆಯ ಬಾಗಿಲಲ್ಲಿ ಕೂತಿದ್ದ ಅವ್ವ ಹೌದೆಂದು ತಲೆಯಾಡಿಸಿದಳು. ಅಷ್ಟು ದಿನಗಳಲ್ಲಿ ಅವಳ ಮುಖದ ಮೇಲೆ ಸಮಾಧಾನ ಕಂಡದ್ದು ಅದೇ ಮೊದಲು. ನಾನು ಮಾತು ಉಳಿಸಿಕೊಂಡಿದ್ದೇನೆಂದು ಅವಳು ನಂಬಿದ್ದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ, ಅಪ್ಪನಿಗಾಗಿ ಎಂದುಕೊಂಡು ಎಲ್ಲರೂ ಬೆನ್ನು ಸವರಿದರು.

ಆ ಊಟದ ಕಂತು ಇನ್ನೂ ಕಟ್ಟುತ್ತಿದ್ದೇನೆ. ಅವ್ವನಿಗೆ ಹೇಳಿಲ್ಲ.