ಸಾಕಮ್ಮನ ಮೂಗು

ಈಗಲೂ ಎಲ್ಲಾದರೂ ಗ್ಯಾಸಿನ ವಾಸನೆ ಬಂದರೆ ಇದ್ದ ಕೆಲಸ ಬಿಟ್ಟು ಹೊರಗೆ ಓಡುತ್ತೇನೆ. ಅದರ ಹಿಂದೆಯೇ, ಕೊಬ್ಬರಿ ಎಣ್ಣೆಯಲ್ಲಿ ಕರಿಬೇವು ಚಟಪಟ ಎನ್ನುತ್ತಿದ್ದ ಗುಂಡ್ಲುಪೇಟೆಯ ನಮ್ಮ ಹೋಟೆಲಿನ ಅಡುಗೆಮನೆ ಕಣ್ಣ ಮುಂದೆ ಬರುತ್ತದೆ. ತಾತ ಕಟ್ಟಿ, ಅಪ್ಪ ನಡೆಸುತ್ತಿದ್ದ ಹೆಂಚಿನ ಹೋಟೆಲು ಅದು. ಇಪ್ಪತ್ತೈದು ವರ್ಷ ಅಲ್ಲಿ ಸೌಟು ಹಿಡಿದವಳು ತೆರಕಣಾಂಬಿಯ ಸಾಕಮ್ಮ. ಹರೆಯದಲ್ಲಿ ಕೇರಳದ ಕಾಫಿ ತೋಟದಲ್ಲಿ ಕೂಲಿಯವರಿಗೆ ಬೇಯಿಸಿ ಬಂದಿದ್ದಳಂತೆ. ನಮ್ಮ ಹುರುಳಿ ಬಸ್ಸಾರಿಗೆ ಅಲ್ಲಿಯವರ ಕೊಬ್ಬರಿ ಎಣ್ಣೆಯ ಒಗ್ಗರಣೆ ಬಿದ್ದದ್ದು ಅವಳಿಂದಲೇ. ಲಾರಿಯವರು ಅದಕ್ಕಾಗಿಯೇ ಗಾಡಿ ನಿಲ್ಲಿಸುತ್ತಿದ್ದರು. ಆದರೆ ಅವಳು ಒಂದು ದಿನವೂ ಸಾರಿನ ರುಚಿ ನೋಡಿದವಳಲ್ಲ. "ಉಣ್ಣೋರ್ಗೆ ಎಂಜ್ಲು ಬಡಿಸ್ಬಾರ್ದು ಕಣಮ್ಮಿ" ಎಂದು ಆವಿಗೆ ಮುಖ ಒಡ್ಡಿ, ಉಪ್ಪು ಹುಳಿ ಎಲ್ಲವನ್ನೂ ಮೂಗಿನಲ್ಲೇ ಅಳೆಯುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಒಗ್ಗರಣೆ ಸೀದು ಕರಕಲಾದರೂ ಅವಳು ಸುಮ್ಮನೆ ತಿರುವುತ್ತಲೇ ಇದ್ದಳು. ನಾನು ಕೂಗಿಕೊಂಡಾಗ ಬೆಚ್ಚಿ ನನ್ನ ಕೈ ಹಿಡಿದಳು. "ಜರ ಬಂದೋದ್ಮೇಲೆ ಮೂಗು ಸತ್ತೋಗದ ಕಣಮ್ಮಿ. ನಿಮ್ಮಪ್ಪಂಗೆ ಯೋಳ್ಬ್ಯಾಡ. ಬುಡಿಸ್ಬುಟ್ರೆ ನಾನೆಲ್ಲಿಗೋಗ್ಲಿ?" ನಾನು ಹೇಳಲಿಲ್ಲ. ಅಂದಿನಿಂದ ದಿನಾ ಸ್ಕೂಲಿಗೆ ಮುಂಚೆ ಪಾತ್ರೆಗಳ ಮೇಲೆ ಬಾಗಿ ನಾನೇ ಅವಳ ಮೂಗಾದೆ. ಎಂಥಾ ಜಂಬ ನನಗೆ!

ಆ ವರ್ಷವೇ, ಊರಿಗೆ ಮೊಬೈಲು ಬಂದ ಹೊಸದರಲ್ಲಿ, ಅಪ್ಪ ಸೌದೆ ಒಲೆ ಕೀಳಿಸಿ ಗ್ಯಾಸ್ ತಂದರು. "ಎದ್ರುಕಬ್ಯಾಡ ಸಾಕಕ್ಕ, ಸೋರುದ್ರೆ ವಾಸ್ನ ಬತ್ತದ" ಎಂದರು. ಸಾಕಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಥೂ, ಆಗಲಾದರೂ ಬಾಯಿ ಬಿಡಬಾರದಿತ್ತೇ ನಾನು? ನೀವೇ ಹೇಳಿ.

ಚಾಮರಾಜನಗರದಲ್ಲಿ ಆಟೋಟ ಸ್ಪರ್ಧೆ ಇದ್ದ ದಿನ ಬೆಳಿಗ್ಗೆ ನಾನು ಬಸ್ಸಿಗೆ ಓಡುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದ ಅವಳು, "ಅಮ್ಮಿ, ಒಂದ್ಗಳಿಗೆ ಬಂದು ಮೂಸ್ನೋಡೋಗವ್ವ" ಎಂದಳು. "ಬಸ್ಸು ಒಂಟೋಯ್ತದ ಬುಡು, ಸಾಯಂಕಾಲ ನೋಡ್ತೀನಿ" ಎಂದೆ. ಸಂಜೆ ಬಂದಾಗ ನಮ್ಮ ಹೋಟೆಲಿನ ಹೆಂಚು ರಸ್ತೆಯವರೆಗೂ ಚೆಲ್ಲಿತ್ತು. ಜನ ನನ್ನನ್ನು ಒಳಗೆ ಬಿಡಲಿಲ್ಲ. ಸಾಕಮ್ಮನನ್ನು ಅಷ್ಟರಲ್ಲಾಗಲೇ ಮಣ್ಣು ಮಾಡಿ ಬಂದಿದ್ದರು.

ಅಪ್ಪ ಮತ್ತೆ ಹೋಟೆಲು ತೆರೆಯಲಿಲ್ಲ. ಸಾಯುವವರೆಗೂ ಕಂಡವರ ಹತ್ತಿರವೆಲ್ಲ ಅವರದು ಒಂದೇ ಮಾತು: "ಉಪ್ಪನ್ನೇ ಮೂಸಿ ಯೋಳ್ತಿದ್ದವ್ಳು ಕಣ, ಅವ್ಳಿಗೆಂಗೆ ಗೊತ್ತಾಗ್ನಿಲ್ಲ?" ಪ್ರತಿ ಸಲವೂ ನಾನು ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದೆ.