ಹೊಳೆಯ ದಂಡೆಯಲ್ಲಿ ಕರೆದ ಹೆಸರು

ಮೊದಲು ಗೊತ್ತಾದದ್ದು ರೊಟ್ಟಿಯಿಂದ.

ಬರ್ಮಾದ ಯುದ್ಧ ಮುಗಿಸಿ ನಮ್ಮ ಯಜಮಾನರು ಗೋಕಾಕಿಗೆ ಬಂದ ಮರುದಿನ, ನಾನು ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿದ್ದವರು ಕಾಣಲಿಲ್ಲ. ಹುಡುಕಿದರೆ ಎತ್ತಿನ ಗೋದಲಿಯ ಹಿಂದೆ ಕಿವಿ ಮುಚ್ಚಿಕೊಂಡು ಮುದುಡಿ ಕುಳಿತಿದ್ದರು. ಮೈಯೆಲ್ಲ ಬೆವರು.

ರೊಟ್ಟಿ ಬಡಿಯುವ ನನ್ನ ಕೈ ಸಪ್ಪಳಕ್ಕೆ ಹೆದರಿದ್ದರು.

ಅಂದಿನಿಂದ ಅಂಗೈಯಲ್ಲೇ ಮೆಲ್ಲಗೆ ತಟ್ಟತೊಡಗಿದೆ. ರೊಟ್ಟಿ ದಪ್ಪಗಾಗುತ್ತಿತ್ತು, ಅತ್ತೆ ಗೊಣಗುತ್ತಿದ್ದರು. ಇವರಿಗೆ ನಿದ್ದೆಯಿಲ್ಲ. ಮಾತಿಲ್ಲ. ಒಮ್ಮೊಮ್ಮೆ ನಡೆಯುತ್ತಿದ್ದವರು ನಿಂತಲ್ಲೇ ನಿಂತುಬಿಡುತ್ತಿದ್ದರು. ಕಣ್ಣು ತೆರೆದೇ ಇರುತ್ತಿತ್ತು, ನಾನು ಎದುರಿಗೆ ನಿಂತರೂ ಕಾಣುತ್ತಿರಲಿಲ್ಲ. ನಾನು "ರೀ, ರೀ" ಎನ್ನುತ್ತಿದ್ದೆ. ಆ 'ರೀ' ಊರಿನ ಯಾವ ಗಂಡಸಿಗಾದರೂ ಸಲ್ಲುವಂಥದ್ದು, ಇವರಿಗೆ ಮುಟ್ಟುತ್ತಿರಲಿಲ್ಲ. ಆದರೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವಂತಿಲ್ಲವಲ್ಲ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಿದ್ದೇ ಕೊನೆ, ಆಮೇಲೆ ಆ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ.

ದವಾಖಾನೆಗೆ ಕರೆದೊಯ್ದೆವು. ಡಾಕ್ಟರ್ ಎದೆ ನೋಡಿದರು, ಇಂಜೆಕ್ಷನ್ ಕೊಟ್ಟರು, ಮಿಕ್ಸ್ಚರ್ ಬರೆದರು. ಮುಂದಿನ ಸಲ ಹೋದಾಗ ಬಾಟಲಿ ಪಕ್ಕಕ್ಕಿಟ್ಟು, "ಶರೀರಕ್ಕ ಏನೂ ಆಗಿಲ್ಲವ್ವ. ನರ್ವ್ಸ್ ದಣದಾವು. ಮನ್ಯಾಗ ಕೂಡ್ರಸಬ್ಯಾಡ, ಬಯಲಾಗ ಬಿಡು. ಅಡ್ಡ್ಯಾಡ್ಲಿ, ಈಜಾಡ್ಲಿ" ಎಂದರು. ಬಯಲಿಗೆ ಕರೆದೊಯ್ಯುವವರು ಯಾರು? ನಾನು ಹೆಣ್ಣುಮಗಳು.

ಆಗ ಬಾಳಪ್ಪ ಬಂದ.

ಯಮಕನಮರಡಿಯ ಕುರುಬರವನು. ಇವರ ಜೊತೆ ಬರ್ಮಾದಲ್ಲಿದ್ದವನು, ಅಲ್ಲೇ ಒಂದು ಕಿವಿ ಕಳೆದುಕೊಂಡವನು. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಬಂದಿದ್ದ. ಬಾಗಿಲಲ್ಲಿ ನಿಂತು ಇವರ ಹೆಸರು ಹಿಡಿದು ಒಮ್ಮೆ ಕೂಗಿದ. ಕಂಬಕ್ಕೆ ಒರಗಿದ್ದವರು ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದರು.

ಆಮೇಲೆ ದಿನವೂ ಅದೇ. ಕುರಿಗಳ ಹಿಂದೆ ಗುಡ್ಡ ಹತ್ತುವುದು, ಕವಣೆಯಿಂದ ಕಲ್ಲು ಬೀಸಿ ಗುರಿ ಹೊಡೆಯುವುದು, ಬಿಸಿಲೇರಿದ ಮೇಲೆ ಘಟಪ್ರಭೆಯಲ್ಲಿ ಈಜುವುದು. ಒದ್ದೆ ತಲೆಯಲ್ಲಿ ಮನೆಗೆ ಬಂದು ಹೊಟ್ಟೆತುಂಬ ಉಣ್ಣುತ್ತಿದ್ದರು, ಉಂಡು ಮಲಗುತ್ತಿದ್ದರು. ಮುಖಕ್ಕೆ ಕಳೆ ಬಂತು. ಡಾಕ್ಟರ್ ನನ್ನನ್ನೇ ಹೊಗಳಿದರು, ಏನು ಮಾಡುತ್ತಿದ್ದೀಯೋ ಅದನ್ನೇ ಮಾಡು ಎಂದರು. ನಾನೇನೂ ಮಾಡುತ್ತಿರಲಿಲ್ಲ. ಅದೇ ನನ್ನ ಸಂಕಟ.

ನಾನು ಸಂತೋಷಪಡಬೇಕಿತ್ತು. ಹೊಟ್ಟೆ ಉರಿಯಿತು. ಆ ಒಂಟಿಕಿವಿಯವನ ಮೇಲೆ, ಅವನ ನಾಯಿಯ ಮೇಲೆ, ಕೊನೆಗೆ ಹೊಳೆಯ ಮೇಲೂ. ನಿದ್ದೆಗೆಟ್ಟು ತಲೆಗೆ ಎಣ್ಣೆ ಹಚ್ಚಿದವಳು ನಾನು, ಬೆವರು ಒರೆಸಿದವಳು ನಾನು, ನಗುವೆಲ್ಲ ಅವನ ಪಾಲಿಗೆ. ಅತ್ತೆಯ ಮುಂದೆ ಒಂದು ದಿನ ಅಂದೇಬಿಟ್ಟೆ.

"ನಗಲಿ ಅಂತ ಹರಕಿ ಹೊತ್ತಾಕಿ ನೀನ. ಈಗ ನಕ್ರ ಯಾಕ ಉರ್ಕೋತಿ?" ಎಂದರು.

"ಯಾರ ಮುಂದ ನಗಬೇಕಂತ ಹರಕಿಯೊಳಗ ಹೇಳೂದು ಮರತಿದ್ನಿರಿ."

ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಹೊಳೆಗಿಳಿಸಿ ತೊಳೆಯುತ್ತಾರೆ. ಆ ದಿನ ಬುತ್ತಿಯನ್ನು ನಾನೇ ಒಯ್ದೆ. ಬುತ್ತಿ ನೆಪ. ಅಲ್ಲಿ ಅಂಥದ್ದೇನಿದೆ ಎಂದು ಕಣ್ಣಾರೆ ನೋಡಬೇಕಿತ್ತು. ಬಾಳಪ್ಪ ಆಚೆ ದಡದಲ್ಲಿ ಕುರಿ ನೂಕುತ್ತಿದ್ದ. ಇವರು ನಡುವೆ ನಿಂತು, ಬಂದ ಕುರಿಗಳ ಬೆನ್ನು ಉಜ್ಜಿ ಈಚೆ ದಾಟಿಸುತ್ತಿದ್ದರು. ನಗುತ್ತಲೂ ಇದ್ದರು. ನೋಡನೋಡುತ್ತ ಅವರ ಕೈ ನಿಂತಿತು.

ಅದೇ ಕಣ್ಣು.

ಎದೆಮಟ್ಟದ ನೀರು. ಹೆದರಿದ ಕುರಿಗಳು ಮೈಮೇಲೆ ಬೀಳುತ್ತಿವೆ, ಕಾಲು ಜಾರುತ್ತಿದೆ, ಇವರಿಗೆ ಖಬರಿಲ್ಲ. ಬಾಳಪ್ಪ ಕೂಗಿದ. ಕುರಿಗಳ ಒದರಾಟದಲ್ಲಿ ಅವನ ಕೂಗು ಇತ್ತ ಮುಟ್ಟಲಿಲ್ಲ. ನಾನು ಮಂಡಿಮಟ್ಟ ನೀರಿಗಿಳಿದು "ರೀ" ಎಂದೆ. ಇನ್ನೊಮ್ಮೆ ಎಂದೆ. ನೀರು ಇವರ ಗದ್ದಕ್ಕೆ ಬಂತು.

"ಬಸಲಿಂಗಪ್ಪಾ!"

ತಿರುಗಿದರು. ನನ್ನನ್ನೇ ನೋಡಿದರು. ಕುರಿಗಳ ನಡುವೆ ದಾರಿ ಮಾಡಿಕೊಂಡು ದಡಕ್ಕೆ ಬಂದು ಕುಳಿತರು.

"ಹೆಸರ ಹಿಡದ ಕರದ್ಯಲ್ಲ," ಎಂದು ನಕ್ಕರು. ನನ್ನ ಮುಂದೆ ನಕ್ಕರು.

ಬಾಳಪ್ಪ ಈಜಿ ಬಂದು, "ವೈನಿ, ನಿಮ್ಮ ಧ್ವನಿ ನನಗಿಂತ ಜೋರ ಐತಿ" ಎಂದ. ಅವನಿಗೂ ಬುತ್ತಿ ಬಿಚ್ಚಿಕೊಟ್ಟೆ. ಗಂಡನಿಗೆ ಒಂದು ಹೋಳು ಬೆಲ್ಲ ಹೆಚ್ಚು ಹಾಕಿದೆ, ಅವನಿಗೆ ಕಾಣುವಂತೆಯೇ.

ಮಳೆಗೆ ಮುಂಚೆ ಕುರಿಗಳು ಹುಕ್ಕೇರಿಯ ಕಡೆ ಹೋದವು. ಇವರು ಪೂರ್ತಿ ಗುಣವಾಗಿದ್ದಾರೆಂದು ಹೇಳಲಾರೆ. ಈಗಲೂ ನಿಂತುಬಿಡುತ್ತಾರೆ. ಈಗಲೂ ಹೊಳೆಗೆ ಹೋಗುತ್ತಾರೆ, ಬಾಳಪ್ಪ ಬರುವ ದಾರಿ ಕಾಯುತ್ತಾರೆ. ಅವನು ಬೇಗ ಬರಲೆಂದು ನಾನೂ ಬಯಸುತ್ತೇನೆ. ಬಂದರೆ ಮತ್ತೆ ಉರಿಯುತ್ತದೆ, ಅದೂ ಗೊತ್ತು.

ಮೊನ್ನೆಯಿಂದ ರೊಟ್ಟಿಯನ್ನು ಹಲಗೆಯ ಮೇಲಿಟ್ಟೇ ಬಡಿಯುತ್ತಿದ್ದೇನೆ. ಶುರು ಮಾಡುವ ಮುಂಚೆ ಒಮ್ಮೆ ಹೆಸರು ಕರೆಯುತ್ತೇನೆ. ಅತ್ತೆ ಕೇಳದವರಂತೆ ಇರುತ್ತಾರೆ. ಪಡಸಾಲೆಯಿಂದ ಉತ್ತರ ಬರುವ ತನಕ ಕೈ ಎತ್ತುವುದಿಲ್ಲ.

"ಹೂಂ," ಎನ್ನುತ್ತಾರೆ, "ಇಲ್ಲೇ ಅದೀನಿ. ಬಡಿ."